ಬುಗುರಿಗೊಂದು ಹದ, ಗೋಲಿಗೊಂದು ಹದ

ಕೊಡಗಿನ ಮಕ್ಕಳ ಮೇಲೆ ನಮ್ಮ ಮನೆಯ ಮಕ್ಕಳಿಗೆ ವರ್ಷಕ್ಕೊಂದು ಸಲ ಹೊಟ್ಟೆಕಿಚ್ಚು ಹತ್ತಿಕೊಳ್ಳುತ್ತದೆ. ಜುಲೈ ಬಂತು ಅನ್ನಿ, ಬೆಳಗ್ಗೆ ಏಳಕ್ಕೆಲ್ಲ ಟಿ.ವಿ.ಯ ಕೆಳಗಡೆ ಕೆಂಪು ಪಟ್ಟಿಯಲ್ಲಿ ಅಕ್ಷರಗಳು ಓಡತೊಡಗುತ್ತವೆ. ಕೊಡಗು, ದಕ್ಷಿಣ ಕನ್ನಡ, ಉಡುಪಿ, ಭಾರಿ ಮಳೆ, ಶಾಲೆಗಳಿಗೆ ರಜೆ. ಪಾಠದ ಪುಸ್ತಕ ಕೊಟ್ಟರೆ ಸಾಲಿಗೆ ನಾಲ್ಕು ಸಲ ತಡವರಿಸುವ ನನ್ನ ಮಗ ಆ ಓಡುವ ಪಟ್ಟಿಯನ್ನು ಮಾತ್ರ ಒಂದಕ್ಷರ ಬಿಡದೆ ಓದುತ್ತಾನೆ. ಓದಿ ಮುಗಿಸಿ ಕಿಟಕಿಯಾಚೆ ನೋಡುತ್ತಾನೆ. ನಮ್ಮೂರು ಉಡಿಗಾಲದ ಮೇಲೂ ಮೋಡ ಇದೆ. ಗಾಳಿ ಇದೆ. ಹನಿಯೂ ಇದೆ, ಆದರೆ ಅಂಗಿ ತೋಳು ನೆನೆಯುವಷ್ಟಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಕೇಳುತ್ತಾನೆ: "ಅಪ್ಪ, ನಮ್ ಡಿಸಿಯವ್ರಿಗ ಈ ಮಳ ಕಾಣದಿಲ್ವಾ?"

ಕಾಣುತ್ತದಪ್ಪ. ಆದರೆ ಅದನ್ನು ಮಳೆ ಎಂದು ಬರೆದುಕೊಳ್ಳಲು ಯಾರಿಗೂ ಕೈ ಬರುವುದಿಲ್ಲ. ತಪ್ಪು ಡಿಸಿಯವರದಲ್ಲ, ಬೆಟ್ಟಗಳದು. ಅರಬ್ಬಿ ಸಮುದ್ರದಿಂದ ಹೊರಟ ಮುಂಗಾರು ಮೋಡ ವಯನಾಡು, ನೀಲಗಿರಿಯ ಏರು ಹತ್ತುವಾಗಲೇ ಹೊತ್ತದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಗುಂಡ್ಲುಪೇಟೆ ದಾಟಿ ನಮ್ಮ ಕಡೆಗೆ ಬರುವ ಹೊತ್ತಿಗೆ ಅದರ ಸ್ಥಿತಿ ಮದುವೆ ಮನೆಯ ಕೊನೇ ಪಂಕ್ತಿಗೆ ಬಂದ ಪಾಯಸದ ಬಕೀಟಿನಂತೆ. ಸೌಟಿನ ಸದ್ದು ಜೋರು, ಎಲೆಗೆ ಬೀಳುವುದು ನಾಲ್ಕೇ ಹನಿ. ಆಗುಂಬೆಯವರು ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ನೋಡುತ್ತಾರಂತೆ. ನಮ್ಮ ಜಿಲ್ಲೆಗೆ ಏಳೆಂಟುನೂರು ಬಂದರೆ ಆ ವರ್ಷ ಎಲ್ಲರ ಮುಖದಲ್ಲೂ ಕಳೆ. ಒಂದು ಸೊನ್ನೆಯ ವ್ಯತ್ಯಾಸ ಅಷ್ಟೇ. ಆ ಸೊನ್ನೆಯಲ್ಲೇ ನಮ್ಮ ಮಕ್ಕಳ ಮಳೆ ರಜೆ ಮುಳುಗಿಹೋಗಿದೆ.

ಇನ್ನೊಂದು ಅನ್ಯಾಯ ಕೇಳಿ. ನಮಗೆ ನಿಜವಾದ ಮಳೆ ಬರುವುದು ಎರಡು ಸಲ. ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲಿನ ಜೊತೆ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಮ್ಮೆ. ಮೇ ಎಂದರೆ ಬೇಸಿಗೆ ರಜೆ, ಅಕ್ಟೋಬರ್ ಎಂದರೆ ದಸರಾ ರಜೆ. ಅಂದರೆ ಮಳೆ ಇರುವಾಗ ಶಾಲೆ ಇರುವುದಿಲ್ಲ, ಶಾಲೆ ಇರುವಾಗ ಮಳೆ ಇರುವುದಿಲ್ಲ. ನನ್ನ ಮಗಳು ಇದನ್ನು ಕ್ಯಾಲೆಂಡರ್ ಮುಂದೆ ನಿಂತು ಲೆಕ್ಕ ಹಾಕಿ, ಮಳೆರಾಯನೂ ಮೇಷ್ಟ್ರುಗಳೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ತೀರ್ಪು ಕೊಟ್ಟಿದ್ದಾಳೆ.

ಒಂದೇ ಒಂದು ಸಲ ದೇವರು ಕಣ್ಣು ಬಿಟ್ಟ. 2024ರ ನವೆಂಬರ್ ಕೊನೆಗೆ ಫೆಂಗಲ್ ಎಂಬ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿ, ಡಿಸೆಂಬರ್ ಮೊದಲ ವಾರ ನಮ್ಮ ತಲೆಯ ಮೇಲೂ ಕೂತುಕೊಂಡಿತು. ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೂ ರಜೆ ಎಂದು ಪ್ರಕಟಣೆ ಬಂದೇ ಬಂತು. ಮನೆಯಲ್ಲಿ ದೀಪಾವಳಿ! ಕುಣಿದದ್ದೇನು, ಬ್ಯಾಗನ್ನು ಮಂಚದ ಕೆಳಗೆ ಒದ್ದದ್ದೇನು. ಹತ್ತು ಗಂಟೆಯ ಹೊತ್ತಿಗೆ ಒಂದು ವಿಷಯ ತಿಳಿಯಿತು. ಹೊರಗೆ ಹೋಗುವಂತಿಲ್ಲ. ಅಂಗಳವೆಲ್ಲ ಕೆಸರು, ಎಲುಬು ಕೊರೆಯುವ ಶೀತಗಾಳಿ, ಕರೆಂಟೂ ಇಲ್ಲ. ಮಧ್ಯಾಹ್ನಕ್ಕೆ ಅಕ್ಕ ತಮ್ಮ ಒಂದೇ ಕಂಬಳಿಗೆ ಜಗಳ ತೆಗೆದರು. ಮೂರಕ್ಕೆ ನನ್ನ ಹೆಂಡತಿ, "ನಾಳ ಸ್ಕೂಲ್ ತಗೀಲಿಲ್ಲ ಅಂದ್ರ ನಾನೇ ಹೋಗಿ ಬೀಗ ತಗೀತೀನಿ" ಅಂದಳು. ಮಳೆ ರಜೆ ಎಂದರೆ ಆಟಕ್ಕೂ ರಜೆ ಎನ್ನುವುದು ಕೊಡಗಿನ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಅವರು ನಮಗೆ ಹೇಳಿರಲಿಲ್ಲ, ಅಷ್ಟೇ.

ನಮ್ಮ ಊರು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನದು. ಇಲ್ಲಿ ಹೊಲ ಮಾಡುವವರೆಲ್ಲ ಮಳೆ ನಕ್ಷತ್ರದ ಲೆಕ್ಕದವರು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಇದೆಲ್ಲ ದೊಡ್ಡವರ ಪಂಚಾಂಗ. ಮಕ್ಕಳಿಗೆ ಬೇರೆಯದೇ ಒಂದು ಪಂಚಾಂಗ ಇದೆ, ಅದು ಅಚ್ಚಾಗಿಲ್ಲ. ಆಟ ಬದಲಾಯಿಸಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಒಂದು ಸೋಮವಾರ ಊರಿನ ಹೈದಗಳೆಲ್ಲ ಬುಗುರಿ ಬಿಟ್ಟು ಗೋಲಿ ಹಿಡಿದಿರುತ್ತಾರೆ. ಹೇಗೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ನಾನು ಬಹಳ ವರ್ಷ ಇದನ್ನು ಹುಡುಗಾಟಿಕೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ನೆಲ ಹೇಳಿಕೊಡುವ ಪಾಠ. ನಮ್ಮಪ್ಪ ಮಣ್ಣನ್ನು ಹಿಡಿಯಲ್ಲಿ ಅದುಮಿ, ಉಂಡೆ ಕಟ್ಟಿತೋ ಉದುರಿತೋ ನೋಡಿ, ಬಿತ್ತನೆಯ ಹದ ಹೇಳುತ್ತಿದ್ದರು. ಹುಡುಗರು ಅದೇ ಹದವನ್ನು ಹಿಮ್ಮಡಿಯಲ್ಲಿ ನೋಡುತ್ತಾರೆ.

ಗೋಲಿಯನ್ನೇ ತಗೊಳ್ಳಿ. ಏಪ್ರಿಲ್‌ನಲ್ಲಿ ಬೀದಿಯ ನೆಲ ಬೆಂದ ಹೆಂಚಿನಂತೆ ಇರುತ್ತದೆ. ಆಗ ಗುಳಿ ತೋಡಲು ಹೊರಟವನ ಉಗುರು ಕಿತ್ತು ಬರುತ್ತದೆ. ಮೊದಲ ಮಳೆ ಬಿದ್ದ ದಿನವೂ ಆಗುವುದಿಲ್ಲ, ಗೋಲಿ ಕೆಸರು ಮೆತ್ತಿಕೊಂಡು ಹುರುಳಿಕಾಳಿನ ಉಂಡೆಯಂತೆ ಕೂತುಬಿಡುತ್ತದೆ. ಮಳೆಯಾದ ಮೂರನೇ ದಿನ ನೋಡಿ. ಮೇಲೆ ತೆಳ್ಳಗೆ ಒಣಗಿದ ಪೊರೆ, ಕೆಳಗೆ ತಣ್ಣನೆ ಹಸಿ. ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದರೆ ಬಟ್ಟಲಿನಷ್ಟು ನುಣುಪಾದ ಗುಳಿ. ಅಂಚು ಮುರಿಯುವುದಿಲ್ಲ, ಧೂಳು ಉದುರುವುದಿಲ್ಲ. ಹೊಲಕ್ಕೆ ನೇಗಿಲು ಇಳಿಯುವುದೂ ಅದೇ ದಿನವೇ. ಹಾಗಾಗಿ ಅಪ್ಪ ಹೊಲಕ್ಕೆ ಕರೆಯುವುದೂ ಮಗ ಗೋಲಿಗೆ ಓಡುವುದೂ ಒಂದೇ ಮುಹೂರ್ತದಲ್ಲಿ ಕೂಡಿ, ನಮ್ಮ ಬೀದಿಯಲ್ಲಿ ವರ್ಷದ ಅತಿ ದೊಡ್ಡ ಬೈಗುಳ ಕೇಳಿಬರುವುದು ಆವತ್ತೇ.

ಬುಗುರಿಯದು ತದ್ವಿರುದ್ಧ. ಅದಕ್ಕೆ ಕಲ್ಲಿನಂಥ ನೆಲ ಬೇಕು. ಹಸಿ ಇದ್ದರೆ ಮೊಳೆ ಒಳಗೆ ಹೋಗಿ ಬುಗುರಿ ನೆಟ್ಟ ಸಸಿಯಂತೆ ನಿಂತುಬಿಡುತ್ತದೆ. ನಮ್ಮ ಸುತ್ತಮುತ್ತ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಎರೆಯ ಕಡೆ ಮನೆ ಇರುವ ಹುಡುಗರದು ಪಾಪದ ಜೀವ. ಮಳೆ ಬಂದರೆ ನಾಲ್ಕು ಹೆಜ್ಜೆಗೆ ಚಪ್ಪಲಿ ಎರಡು ಕೆಜಿ. ಕುಂಟೆಬಿಲ್ಲೆ ಆಡಲು ಕಾಲೆತ್ತಿದರೆ ಕಾಲು ಬರುತ್ತದೆ, ಚಪ್ಪಲಿ ಅಲ್ಲೇ ಇರುತ್ತದೆ.

ಕ್ರಿಕೆಟ್ಟಿನ ಕತೆ ಹೇಳಲೇಬೇಕು. ನಾವು ಹುಡುಗರಾಗಿದ್ದಾಗ ಬೇಸಿಗೆಗೆ ಕೆರೆ ಬತ್ತಿದರೆ ಆ ಅಂಗಳವೇ ಸ್ಟೇಡಿಯಂ. ಬಿರುಕು ಬಿಟ್ಟ ಕೆರೆ ಮಣ್ಣಿನ ಮೇಲೆ ಚೆಂಡು ಯಾವ ಬಿರುಕಿಗೆ ಬಿದ್ದು ಯಾವ ಕಡೆ ತಿರುಗುತ್ತದೋ ಬೌಲರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಬ್ಬೊಬ್ಬನೂ ಸ್ಪಿನ್ನರ್ ಆದದ್ದು ಹಾಗೆ. ಆಮೇಲೆ ನಂಜನಗೂಡು ಕಡೆಯ ಆಲಂಬೂರಿನಿಂದ ಕಬಿನಿ ನೀರನ್ನು ಏತದಲ್ಲಿ ಎತ್ತಿ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕೆರೆಗಳಿಗೆ ತುಂಬಿಸುವ ಯೋಜನೆ ಬಂತು. ದೊಡ್ಡವರು ಬಾಗಿನ ಕೊಟ್ಟರು, ಕೊಳವೆಬಾವಿಗಳಿಗೆ ಜೀವ ಬಂತು ಎಂದು ಕೈ ಮುಗಿದರು. ಪಿಚ್ ಮುಳುಗಿತೆಂದು ಅತ್ತವರ ಲೆಕ್ಕ ಯಾವ ಕಡತದಲ್ಲೂ ಇಲ್ಲ. ನನ್ನ ಮಗನ ಗ್ಯಾಂಗಿನವರು ಈಗ ಕೆರೆ ಏರಿಯ ಮೇಲೆ ಆಡುತ್ತಾರೆ. ಎಡಕ್ಕೆ ಹೊಡೆದರೆ ನೀರು, ಬಲಕ್ಕೆ ಹೊಡೆದರೆ ಕಬ್ಬಿನ ಗದ್ದೆ. ಎರಡಕ್ಕೂ ಔಟ್. ನೇರ ಹೊಡೆಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಕೋಚ್ ಸಿಗಲಾರ.

ಮೇ ತಿಂಗಳ ಮಳೆಗೆ ಮುಂಚೆ ಗಾಳಿ ಬರುತ್ತದೆ. ನಮ್ಮ ಕಡೆ ಬಾಳೆ ಹಾಕಿದವರಿಗೆ ಆ ಗಾಳಿಯ ಸದ್ದು ಕೇಳಿದರೆ ಅನ್ನ ಇಳಿಯುವುದಿಲ್ಲ. ಗೊನೆ ಹೊತ್ತ ಗಿಡ, ಬೇರು ಮೇಲೆ ಮೇಲೆ, ಹತ್ತು ನಿಮಿಷದಲ್ಲಿ ಇಡೀ ತೋಟ ಒಂದೇ ಕಡೆ ತಲೆಯಿಟ್ಟು ಮಲಗಿಬಿಡುತ್ತದೆ. ಒಂದು ವರ್ಷ ನಮ್ಮದೂ ಮಲಗಿತು. ಬೆಳಗ್ಗೆ ಅಪ್ಪ ತೋಟದ ಬದುವಿನ ಮೇಲೆ ಮಾತಿಲ್ಲದೆ ಕೂತಿದ್ದರು. ಅವ್ವ, ಚಿಕ್ಕಪ್ಪ, ಅತ್ತೆ ಎಲ್ಲರೂ ಸೇರಿ ಅರ್ಧ ಬಲಿತ ಗೊನೆಗಳನ್ನು ಕಡಿದು ಒಂದು ಕಡೆ ಹಾಕುತ್ತಿದ್ದರು, ಬಂದಷ್ಟಕ್ಕೆ ಮಾರಲು. ನಾವು ಐದಾರು ಹೈಕಳು ಏನು ಮಾಡಿದೆವು? ಬಿದ್ದ ಬಾಳೆಯ ನಾಲ್ಕು ದಿಂಡು ಜೋಡಿಸಿ, ಬಿದಿರ ಸೀಳು ತೂರಿಸಿ, ಬಾಳೆನಾರಿನಲ್ಲೇ ಬಿಗಿದು ದೋಣಿ ಮಾಡಿ ಕೆರೆಗೆ ಇಳಿಸಿದೆವು. ಅಪ್ಪನಿಗೆ ಆ ವರ್ಷದ ದುಡಿಮೆ ಹೋದ ದಿನವೇ ನಮಗೆ ಹಡಗು ಸಿಕ್ಕಿತು. ಸಾಯಂಕಾಲ ಅಪ್ಪ ಏರಿಯ ಮೇಲೆ ಬಂದು ನಿಂತರು. ಹೊಡೆತ ಬಿತ್ತು ಅಂದುಕೊಂಡೆ. ಅವರು ಸ್ವಲ್ಪ ಹೊತ್ತು ನೋಡಿ, "ಆ ಕಡ ದಿಂಡು ಸಣ್ಣದಾಯ್ತು ಕಲಾ, ಅದುಕ್ಕೇ ವಾಲ್ತದ" ಅಂದರು.

ಇದನ್ನು ಓದಿ ಯಾರೂ ಮಕ್ಕಳನ್ನು ಕೃಷಿ ಹೊಂಡಕ್ಕೆ ಬಿಡಬೇಡಿ ಮತ್ತೆ. ಕೆರೆಗೆ ದಡ ಇದೆ, ಏರು ಇಳಿವು ಇದೆ. ಹೊಂಡಕ್ಕೆ ಹಾಸಿರುವ ಪ್ಲಾಸ್ಟಿಕ್ ಹಾಳೆ ನೆಂದರೆ ಎಣ್ಣೆ ಸವರಿದ ಹಾಗೆ. ಈಜು ಬಲ್ಲವನೂ ಹತ್ತಿ ಬರಲಾರ. ಬೇಲಿ ಹಾಕಿ, ಒಂದು ಹಗ್ಗವನ್ನಾದರೂ ಇಳಿಬಿಡಿ. ಇಲ್ಲಿ ನಾನು ತಮಾಷೆ ಮಾಡುತ್ತಿಲ್ಲ.

ಮೇ ಮಳೆಯ ಇನ್ನೊಂದು ಬಾಬತ್ತು ಈಸಲು ಹುಳ. ಮೊದಲ ಮಳೆಯ ಮರುದಿನ ಗೆದ್ದಲು ರೆಕ್ಕೆ ಕಟ್ಟಿಕೊಂಡು ದೀಪಕ್ಕೆ ಮುತ್ತುತ್ತವಲ್ಲ, ಅವು. ದೀಪದ ಕೆಳಗೆ ನೀರಿನ ತಟ್ಟೆ ಇಟ್ಟು ಹಿಡಿದು, ರೆಕ್ಕೆ ಕೇರಿ, ಹುರಿದು, ಪುರಿ ಜೊತೆ ಕಲಸಿ ತಿನ್ನುತ್ತಿದ್ದರು. ನನ್ನ ಮಗಳಿಗೆ ಈ ಮಾತು ಹೇಳಿದ ದಿನದಿಂದ ನಾನು ಮುಟ್ಟಿದ ಚುರುಮುರಿಯನ್ನು ಅವಳು ಎರಡು ಸಲ ನೋಡಿ ತಿನ್ನುತ್ತಾಳೆ.

ಆಷಾಢದ ಮಾತು ತೆಗೆದರೆ ನಿಲ್ಲಿಸುವುದು ಕಷ್ಟ. ಮಳೆ ಕೊಡದ ಮೋಡಗಳು ನಮಗೆ ಗಾಳಿಯನ್ನು ಮಾತ್ರ ಧಾರಾಳ ಕೊಟ್ಟಿವೆ. ಆಷಾಢದ ಗಾಳಿಗೆ ಒಣಹಾಕಿದ ಪಂಚೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಆ ಗಾಳಿಗೆಂದೇ ಗಾಳಿಪಟ ಹುಟ್ಟಿದ್ದು. ಅಂಗಡಿಯ ಪ್ಲಾಸ್ಟಿಕ್ ಪಟವಲ್ಲ ನಾನು ಹೇಳುತ್ತಿರುವುದು. ಹಳೇ ಪೇಪರ್ ಚೌಕಕ್ಕೆ ಕತ್ತರಿಸು, ತೆಂಗಿನಗರಿ ಪೊರಕೆಯಿಂದ ಎರಡು ಕಡ್ಡಿ ಎಳೆ. ಒಂದನ್ನು ನೇರ ಇಡು, ಇನ್ನೊಂದನ್ನು ಬಿಲ್ಲಿನಂತೆ ಬಗ್ಗಿಸು. ಅಂಟು ಎಂದರೆ ರಾತ್ರಿ ಉಳಿದ ಅನ್ನದ ಅಗುಳು, ಹೆಬ್ಬೆರಳಲ್ಲಿ ಒತ್ತಿ ಉಜ್ಜಿದರೆ ಫೆವಿಕಾಲ್‌ಗೆ ನಾಚಿಕೆಯಾಗಬೇಕು. ಕೆಳಗೆ ಅವ್ವನ ಹಳೇ ಸೀರೆಯ ಅಂಚು ಸೀಳಿ ಬಾಲಂಗೋಚಿ. ಇಷ್ಟೂ ಯಾರಿಗೂ ಬರುತ್ತದೆ. ವಿದ್ಯೆ ಇರುವುದು ಸೂತ್ರ ಕಟ್ಟುವುದರಲ್ಲಿ. ಮೇಲಿನ ಗಂಟಿಗೂ ಕೆಳಗಿನ ಗಂಟಿಗೂ ಅರ್ಧ ಬೆರಳು ಹೆಚ್ಚು ಕಡಿಮೆಯಾದರೆ ಪಟ ಮೇಲೇಳುತ್ತಲೇ ಗೋತಾ ಹೊಡೆದು ಪಕ್ಕದ ಮನೆಯವರ ನುಗ್ಗೆ ಮರ ಸೇರುತ್ತದೆ. ಆ ಮರದಲ್ಲಿ ಜುಲೈ ಕೊನೆಗೆ ನುಗ್ಗೆಕಾಯಿಗಿಂತ ಪಟಗಳೇ ಹೆಚ್ಚು.

ದಾರ ಎಲ್ಲಿಂದ? ಅದನ್ನು ಕೇಳಬಾರದು. ಅವ್ವ ಹೂ ಕಟ್ಟಲು ಇಟ್ಟುಕೊಂಡ ದಾರದ ಉಂಡೆ ಆಷಾಢದಲ್ಲಿ ದಿನಕ್ಕಿಷ್ಟು ಕರಗುತ್ತದೆ. "ಇಲಿ ಕಚ್ಕಂಡೋಗದ ಕನವ್ವ" ಎಂದು ನಾನು ಹೇಳುತ್ತಿದ್ದೆ. ಈಗ ನನ್ನ ಮಗ ಅದೇ ಅಜ್ಜಿಗೆ ಅದೇ ಇಲಿಯ ಕತೆ ಹೇಳುತ್ತಾನೆ. ಅವ್ವ ನನ್ನ ಕಡೆ ಒಂದು ನೋಟ ಎಸೆದು, "ಈ ಇಲಿಗ ವಂಶ ಬೆಳ್ದದ" ಎನ್ನುತ್ತಾಳೆ.

ಅದೇ ಗಾಳಿಯಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರು. ಬೇರೆ ಕಡೆ ಆಷಾಢ ಎಂದರೆ ಶುಭಕಾರ್ಯ ಇಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಲ್ಲಿ, ಗಂಡ ಒಂದು ಕಡೆ. ನಮ್ಮ ತೇರು ಮಾತ್ರ ಆಷಾಢದಲ್ಲೇ. ಹೊಸ ಜೋಡಿಗಳು ಅಲ್ಲಿ ಬಂದು ಸೇರಿ ತೇರಿಗೆ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ಯಾರೋ ತೇರಿಗೆ ಬೆಂಕಿ ಇಟ್ಟು, ಹೊಸ ತೇರು ಎಳೆಯುವ ಹೊತ್ತಿಗೆ 2022 ಬಂತು. ನಡುವಿನ ಆ ವರ್ಷಗಳಲ್ಲಿ ಮದುವೆಯಾದವರ ಗೋಳು ಅವರಿಗೇ ಗೊತ್ತು. ಮಕ್ಕಳಿಗೆ ತೇರು ಎಂದರೆ ಗಿರಗಿಟ್ಲೆ. ಬೇರೆ ಜಾತ್ರೆಯಲ್ಲಿ ಗಿರಗಿಟ್ಲೆ ಮಾರುವವನು ಊದಿ ಊದಿ ತೋರಿಸಿ ಮೂರ್ಛೆ ಹೋಗಬೇಕು. ಇಲ್ಲಿ ಬಿದಿರು ಗಳಕ್ಕೆ ಚುಚ್ಚಿ ನಿಲ್ಲಿಸಿದರೆ ಸಾಕು, ಐವತ್ತು ಗಿರಗಿಟ್ಲೆ ಒಟ್ಟಿಗೆ ಚರಚರ ಎನ್ನುತ್ತ ತಾವೇ ತಮ್ಮ ವ್ಯಾಪಾರ ನೋಡಿಕೊಳ್ಳುತ್ತವೆ.

ಆ ದೇವಸ್ಥಾನ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, 1826ರಲ್ಲಿ. ಅವರ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಇದೇ ಊರಿನಲ್ಲಿ. ಆಗ ಇದರ ಹೆಸರು ಅರಿಕುಠಾರ. ಮುಮ್ಮಡಿಯವರ ಮೇಲೆ ನನಗೆ ವಿಶೇಷ ಪ್ರೀತಿ, ಯಾಕೆಂದರೆ ಅವರು ಮಳೆಗಾಲದ ಮಕ್ಕಳ ಕುಲದೈವ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ರಾಜರಿಗೆ ರಾಜ್ಯಭಾರದ ಕೆಲಸ ಕೈಗೆ ಮರಳಲಿಲ್ಲ. ಬೇರೆಯವರಾಗಿದ್ದರೆ ಕೊರಗಿ ಕೂರುತ್ತಿದ್ದರು. ಇವರು ಮಣೆಯಾಟಗಳನ್ನು ಹಿಡಿದರು. ಹಳೆಯದನ್ನು ಕೂಡಿಸಿದರು, ಹೊಸದನ್ನು ಹೊಸೆದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಒಂದು ಭಾಗವೇ ಆಟಗಳದು. ಹೊರಗೆ ಹೋಗಲಾಗದವನು ಒಳಗೆ ಕೂತು ಏನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ನಮ್ಮ ಜಗಲಿಯ ಅರಮನೆಯಲ್ಲಿ ಚೌಕಾಬಾರ. ಸೋನೆ ಹಿಡಿದ ದಿನ ಬಳಪದಲ್ಲಿ ಐದೈದರ ಮನೆ ಎಳೆದು, ಕಟ್ಟೆಗಳಿಗೆ ಅಡ್ಡಗೆರೆ ಹಾಕಿ, ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡಿಕೊಂಡು ಕೂರುವುದು. ಕಾಯಿಗಳೆಂದರೆ ಬಳೆ ಚೂರು, ಕಡ್ಡಿ ಚೂರು, ಅವ್ವನದು ಮಾತ್ರ ಸದಾ ಅಡಿಕೆ ಹೋಳು. ಕಾಯಿ ಕಡಿದರೆ ಅವಳೇ ಅದನ್ನು ನುಂಗಿಬಿಟ್ಟಳೋ ಎಂದು ಅನುಮಾನ ಬರುವ ಹಾಗೆ ಅದು ಆಗಾಗ ಮಾಯವೂ ಆಗುತ್ತದೆ. ಮಕ್ಕಳನ್ನು ಆಡಿಸಲು ಎಂದು ಶುರುವಾಗುವ ಈ ಆಟದಲ್ಲಿ ಅರ್ಧ ಗಂಟೆಗೆಲ್ಲ ಮಕ್ಕಳು ಹೊರಗೆ, ದೊಡ್ಡವರು ಒಳಗೆ. "ಹೊಲಕ್ಕೆ ಹೋಗುವ ಹಾಗಿಲ್ಲವಲ್ಲ" ಎಂದು ಅಪ್ಪ ಆಕಾಶ ನೋಡಿ ನಿಟ್ಟುಸಿರು ಬಿಡುತ್ತಿದ್ದರು, ಕೈಯಲ್ಲಿ ಕವಡೆ ಕುಲುಕುತ್ತ. ಆ ನಿಟ್ಟುಸಿರಿನಷ್ಟು ಸಂತೋಷದ ನಿಟ್ಟುಸಿರನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಆದರೆ ಹುಳ ಸಾಕುವ ಮನೆಯಲ್ಲಿ ಈ ಸುಖ ಇಲ್ಲ. ರೇಷ್ಮೆ ಹುಳಕ್ಕೆ ನೆಂದ ಸೊಪ್ಪು ಕೊಡುವಂತಿಲ್ಲ. ಮೋಡ ಕಂಡರೆ ಸಾಕು, ಅಜ್ಜಿಯಿಂದ ಮೊಮ್ಮಗಳವರೆಗೆ ಕುಡುಗೋಲು ಹಿಡಿದು ಹಿಪ್ಪುನೇರಳೆ ತೋಟಕ್ಕೆ ಓಡಬೇಕು. ಹುಳ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತು ಎದ್ದಿದ್ದರಂತೂ ಕೇಳಬೇಡಿ, ಹಸಿವು ಬಿಟ್ಟರೆ ಬೇರೆ ಮಾತಿಲ್ಲ. ಚಳಿಗಾಲದಲ್ಲಿ ಹುಳದ ಮನೆಗೆ ಕೆಂಡದ ಕುಂಪಟೆ, ಮಕ್ಕಳಿಗೆ ಹರಕು ಸ್ವೆಟರ್. ನನ್ನ ಗೆಳೆಯನೊಬ್ಬ ಇಡೀ ಬಾಲ್ಯವನ್ನು, ಹುಳವಾಗಿ ಹುಟ್ಟಬಾರದಿತ್ತೆ ಎಂದು ಯೋಚಿಸುತ್ತಲೇ ಕಳೆದ.

ಮಳೆ ಕಡಿಮೆ ಇರುವವರಿಗೆ ಮೋಡದ ಮೇಲೆ ಆಸೆ ಹೆಚ್ಚು. ಅದಕ್ಕೇ ನಮ್ಮವರ ಟ್ರಿಪ್ ಎಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1454 ಮೀಟರ್ ಎತ್ತರ, ಹೆಸರಲ್ಲೇ ಹಿಮ. ಸ್ವಂತ ಗಾಡಿ ತಳದಲ್ಲಿ ಬಿಟ್ಟು ಸರ್ಕಾರಿ ಬಸ್ ಹತ್ತಬೇಕು. ಕಳೆದ ಸಲ ಹೋದಾಗ ಮೋಡ ಎಷ್ಟಿತ್ತೆಂದರೆ ಗೋಪುರ ಕಾಣಲಿಲ್ಲ, ಆನೆ ಕಾಣಲಿಲ್ಲ, ಕೊನೆಗೆ ನನ್ನತ್ತೆಯವರೇ ಕಾಣಲಿಲ್ಲ. ಸಿಕ್ಕ ಮೇಲೆ ಅವರು ಹೇಳಿದ್ದು: "ಏನೂ ಕಾಣ್ನಿಲ್ಲ ಕನಪ್ಪ, ಬೋ ಚೆನ್ನಾಗಿತ್ತು!" ಇಳಿದು ಬರುವಾಗ ಗುಂಡ್ಲುಪೇಟೆ ರಸ್ತೆಯಲ್ಲಿ ಚೆಂಡು ಹೂವಿನ ಹೊಲಗಳು, ಅದರೊಳಗೆ ಕೇರಳದ ಕಾರುಗಳು. ಮಳೆಯಲ್ಲಿ ಮುಳುಗಿದ ಊರಿನಿಂದ ಅವರು ಬಿಸಿಲು, ಹೂವು ನೋಡಲು ಇತ್ತ ಬರುತ್ತಾರೆ, ನಾವು ಮೋಡ ನೋಡಲು ಅತ್ತ ಹೋಗುತ್ತೇವೆ. ಹೊಲದ ಬದುವಿನಲ್ಲಿ ಒಬ್ಬ ಪುಟ್ಟ ಹೈದ ಕೊಡೆ ಹಿಡಿದು ಕೂತು, ಫೋಟೊಗೆ ತಲೆಗಿಷ್ಟು ಎಂದು ವಸೂಲಿ ಮಾಡುತ್ತಿದ್ದ. ನಮ್ಮಿಂದಲೂ ಮಾಡಿದ. ಕನ್ನಡದವರಿಗೆ ರಿಯಾಯಿತಿ ಇಲ್ಲವೇನಪ್ಪ ಅಂದರೆ, "ಹೂವ್ಗ ಕನ್ನಡ ಮಲಯಾಳ ಗೊತ್ತಿಲ್ಲ ಸಾ" ಅಂದ.

ಮಳೆ ಕೈಕೊಟ್ಟ ವರ್ಷ ಆಟವೇ ಪೂಜೆಯಾಗುತ್ತದೆ. 2023ರ ಬರ ನೆನಪಿದೆಯಲ್ಲ? ಅಂಥ ವರ್ಷ ನಮ್ಮ ಕಡೆ ಮಳೆರಾಯನನ್ನು ಮಾಡುತ್ತಾರೆ. ಜೇಡಿಮಣ್ಣಿನ ಬೊಂಬೆಯನ್ನು ಹಲಗೆಯ ಮೇಲಿಟ್ಟು, ಒಬ್ಬ ಹುಡುಗನ ತಲೆಗೆ ಹೊರಿಸಿ, ಬರಿಮೈಯಲ್ಲಿ ಮನೆ ಮನೆಗೆ ಹೋಗುವುದು. ಪ್ರತಿ ಮನೆಯವರೂ ಬೊಂಬೆಯ ಮೇಲೆ ಒಂದು ಬಿಂದಿಗೆ ನೀರು ಸುರಿದು, ರಾಗಿಹಿಟ್ಟೋ ಅಕ್ಕಿಯೋ ಕೊಡುವುದು. ಕೊನೆಗೆ ಬಂದದ್ದನ್ನೆಲ್ಲ ಬೇಯಿಸಿ ಒಟ್ಟಿಗೆ ಉಣ್ಣುವುದು. ನಾನೂ ಒಮ್ಮೆ ಹೊತ್ತಿದ್ದೆ. ಕುಡಿಯುವ ನೀರಿಗೆ ಕ್ಯೂ ನಿಲ್ಲುವ ಹೆಂಗಸರು ನನ್ನ ತಲೆಯ ಮೇಲೆ ತುಂಬಿದ ಬಿಂದಿಗೆ ಸುರಿದಾಗ ನನಗೆ ಖುಷಿಯಾಗಿತ್ತು, ಅವರ ಮುಖ ನೋಡುವ ವಯಸ್ಸು ಆಗಿರಲಿಲ್ಲ. ಮೂರು ದಿನಕ್ಕೆ ಬಂದದ್ದು ಮಳೆಯಲ್ಲ, ನನಗೆ ಜ್ವರ.

ದೀಪಾವಳಿಯ ಹೊತ್ತಿಗೆ ಚಿತ್ತೆ, ಸ್ವಾತಿ ಮಳೆ. ಪಟಾಕಿ ಒಲೆಯ ಪಕ್ಕ ಬೆಚ್ಚಗೆ ಕೂರುತ್ತವೆ, ಅದನ್ನು ನೋಡಿ ಹೆಂಡತಿಗೆ ಎದೆ ಬಡಿದುಕೊಳ್ಳುತ್ತದೆ. ತಾಳವಾಡಿಯ ಹತ್ತಿರ ಗುಮಟಾಪುರ ಅಂತ ಇದೆ. ತಮಿಳುನಾಡಿಗೆ ಸೇರಿದ್ದು, ಮಾತು ನಮ್ಮದೇ. ಅಲ್ಲಿ ಹಬ್ಬ ಮುಗಿಯುತ್ತಲೇ ಗೋರೆಹಬ್ಬ, ಸಗಣಿಯ ರಾಶಿಗೆ ಹಾರಿ ಒಬ್ಬರಿಗೊಬ್ಬರು ಉಂಡೆ ಎಸೆಯುವುದು. ಮಳೆ ಬಂದರೆ ಉಂಡೆ ಕಟ್ಟುವುದಿಲ್ಲ ಎಂಬುದೊಂದೇ ಅಲ್ಲಿನವರ ಚಿಂತೆ. ನೋಡಿ, ಅಲ್ಲೂ ಹದ.

ಇನ್ನು ನನ್ನ ತಂಗಿಯ ಮಗ, ಬೆಂಗಳೂರಿನ ಅಳಿಯ. ಹೋದ ಮೇನಲ್ಲಿ ಬಂದಿದ್ದ. ಮೊಬೈಲ್ ತೆಗೆದು, "ಮಾವ, ನಾಲ್ಕೂ ಇಪ್ಪತ್ತಕ್ಕೆ ಮಳೆ, ಎಪ್ಪತ್ತು ಪರ್ಸೆಂಟ್" ಅಂದ. ಅವ್ವ ಹುಣಸೆಹಣ್ಣು ಕುಟ್ಟುತ್ತಿದ್ದವಳು ತಲೆಯೆತ್ತಿ, "ಇರುವೆ ಮೊಟ್ಟ ಹೊತ್ಕಂಡು ಮೇಲಕ್ಕ ಹೋಗ್ನಿಲ್ಲ. ಇವತ್ತು ಬರಾದಿಲ್ಲ ಕನ ಕೂಸೇ" ಅಂದಳು. ಅಂಗಳದ ಚಾಪೆಯಲ್ಲಿ ಸಂಡಿಗೆ ಇತ್ತು, ಕಾಗೆ ಕಾಯಲು ನನ್ನ ಮಗ ಇದ್ದ. ಇರುವೆಯ ಪಕ್ಷ, ಮೊಬೈಲಿನ ಪಕ್ಷ ಎಂದು ಮನೆ ಎರಡಾಯಿತು. ನಾನು ಅವ್ವನ ಪಕ್ಷ, ಊಟ ಹಾಕುವವರ ಕಡೆ ಇರುವುದು ಕ್ಷೇಮ. ನಾಲ್ಕು ಗಂಟೆಗೆ ಬಿಸಿಲು ಫಳಫಳ. ಅವ್ವ ಗೆದ್ದ ಮುಖದಲ್ಲಿ ಎಲೆಅಡಿಕೆ ಹಾಕಿಕೊಂಡಳು. ನಾಲ್ಕೂಕಾಲಿಗೆ ಬಿಸಿಲಿರುವಾಗಲೇ ದಪ್ಪ ದಪ್ಪ ಹನಿ. ಹೈಕಳು "ಕಾಗೆ ನರಿ ಮದುವೆ" ಎಂದು ಕಿರುಚಿಕೊಂಡು ಅಂಗಳದಲ್ಲಿ ಕುಣಿದವು, ನನ್ನ ಮಗನೂ ಕುಣಿದ. ಸಂಡಿಗೆ ನೆನಪಾದದ್ದು ಅದು ಗಂಜಿಯಾದ ಮೇಲೆ.

ಎಲ್ಲರೂ ಅವ್ವನ ಕಡೆ ನೋಡಿದೆವು. ಅವಳು ಎಲೆಅಡಿಕೆ ಇನ್ನೊಂದು ದವಡೆಗೆ ಸರಿಸಿ, "ಆ ಮೊಗ ಬೆಂಗ್ಳೂರಿಂದ ಮಳ ತಕ್ಕಬಂದ್ರ ನಮ್ಮೂರಿರುವ ಏನ್ ಮಾಡವು?" ಅಂದಳು. ಅಳಿಯನಿಗೆ ಆವತ್ತು ಎರಡು ಬೋಂಡ ಹೆಚ್ಚಿಗೆ ಸಿಕ್ಕಿತು. ರಾತ್ರಿ ಚೌಕಾಬಾರದಲ್ಲಿ ಅವನ ಮೂರು ಕಾಯಿಯನ್ನು ಅವ್ವ ಒಂದಾದ ಮೇಲೊಂದು ಕಡಿದಳು. ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕು ಅವನೇ ಹಿಡಿದಿದ್ದ.

ನೀವೂ ಬನ್ನಿ ಒಮ್ಮೆ, ಆಷಾಢದಲ್ಲೇ ಬನ್ನಿ. ಪೇಪರ್ ಇದೆ, ಪೊರಕೆ ಇದೆ, ಅನ್ನದ ಅಗುಳಿಗಂತೂ ಬರ ಇಲ್ಲ. ದಾರದ ಉಂಡೆ ಮಾತ್ರ ನೀವೇ ತನ್ನಿ. ನಮ್ಮ ಮನೆಯದನ್ನು ಅವ್ವ ಈಗ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.